ಒಂದೇ ದಿನದಲ್ಲಿ ಮೂಡಿದ ಅರಿವೆ?

ದೇವನೊಬ್ಬನೇ ಎಂಬ ಅರಿವು ಸೀನಾಯಿ ಬೆಟ್ಟದ ಮೇಲೆ ಮೋಶೆಗೆ ಒಮ್ಮೆಗೇ ದೊರೆಯಿತು, ಇಸ್ರಾಯೇಲರು ಅಂದಿನಿಂದಲೇ ಏಕದೇವವಾದಿಗಳಾದರು ಎಂದು ಪಂಡಿತರೆನಿಸಿಕೊಂಡವರೂ ಹೇಳುವುದುಂಟು. ಈ ಮಾತು ಇಸ್ರಾಯೇಲರ ಗ್ರಂಥಕ್ಕೂ ಒಪ್ಪದು, ಮಣ್ಣಿನಡಿಯ ಸಾಕ್ಷ್ಯಕ್ಕೂ ಒಪ್ಪದು.

ಮೋಶೆಯ ಆಜ್ಞೆ ಅನ್ಯದೇವರುಗಳನ್ನು ಪೂಜಿಸಬಾರದೆನ್ನುತ್ತದೆಯೇ ಹೊರತು ಅವರು ಇಲ್ಲವೇ ಇಲ್ಲ ಎನ್ನುವುದಿಲ್ಲ. ಒಬ್ಬನನ್ನೇ ಪೂಜಿಸುವುದು ಬೇರೆ. ಇರುವವನೇ ಒಬ್ಬ ಎಂದು ತಿಳಿಯುವುದು ಬೇರೆ. ಮೊದಲನೆಯದು ನಿಷ್ಠೆ, ಎರಡನೆಯದು ಅರಿವು. ಇವೆರಡರ ನಡುವೆ ಶತಮಾನಗಳೇ ಉರುಳಿದವು.

ಸೀನಾಯಿ ಮರುಭೂಮಿಯ ಕುಂತಿಲ್ಲೆತ್ ಅಜ್ರೂದ್ ಎಂಬಲ್ಲಿ 1975-76ರಲ್ಲಿ ಉತ್ಖನನ ನಡೆದಾಗ ಕ್ರಿ.ಪೂ. 800ರ ಸುಮಾರಿನ ದೊಡ್ಡ ಹರವಿಗಳು ದೊರೆತವು. ಅವುಗಳ ಮೇಲಿನ ಬರಹವು ಯೆಹೋವ ಮತ್ತು ಅವನ ಅಶೇರಾ ಹೆಸರಿನಲ್ಲಿ ಹರಸುತ್ತದೆ. ಅಶೇರಾ ದೇವಿಯೋ, ಆಕೆಯ ಮರದ ಕಂಬವೋ ಎಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ. ಯಾವುದಾದರೇನು? ಯೆಹೋವನು ಅಲ್ಲಿ ಒಂಟಿಯಲ್ಲ. ಅಷ್ಟೇಕೆ, ಜೆರುಸಲೇಮಿನ ದೇವಾಲಯದೊಳಗಿದ್ದ ಅಶೇರಾ ವಿಗ್ರಹವನ್ನೇ ರಾಜ ಯೋಷೀಯನು ಕಿದ್ರೋನ್ ಹಳ್ಳದಲ್ಲಿ ಸುಡಿಸಿದನೆಂದು ಬೈಬಲ್ಲೇ ಹೇಳುತ್ತದೆ. ಅದು ಕ್ರಿ.ಪೂ. 622ರ ಸುಮಾರಿನ ಮಾತು. ಇಲ್ಲದ್ದನ್ನು ಸುಡಲಾದೀತೆ?

ಕ್ರಿ.ಪೂ. 586ರ ಹೊತ್ತಿಗೆ ಬ್ಯಾಬಿಲೋನಿನವರು ನಗರವನ್ನೂ ದೇವಾಲಯವನ್ನೂ ಸುಟ್ಟರು. ಈಜಿಪ್ಟಿಗೆ ಓಡಿದ ಸ್ತ್ರೀಯರು ಪ್ರವಾದಿ ಯೆರೆಮೀಯನಿಗೆ ಕೊಟ್ಟ ಉತ್ತರ ಮನಮುಟ್ಟುವಂಥದು: ಗಗನದ ಒಡತಿಗೆ ನೈವೇದ್ಯ ನಿಲ್ಲಿಸಿದ ಮೇಲೆಯೇ ತಮಗೆ ಈ ದುರ್ಗತಿ ಬಂತು. ಅವರನ್ನು ಮೂಢರೆಂದು ಹಳಿಯುವುದು ಸುಲಭ. ಆದರೆ ರಾಜ್ಯ ಸೋತರೆ ದೇವರೂ ಸೋತಂತೆ ಎಂಬುದೇ ಆ ಕಾಲದ ತರ್ಕ. ಸೆರೆಯವರ ನಡುವಿನ ಹೆಸರಿಲ್ಲದ ಪ್ರವಾದಿಯೊಬ್ಬನು, ಯೆಶಾಯನ ಗ್ರಂಥದ ನಲವತ್ತನೆಯ ಅಧ್ಯಾಯದಿಂದ ಕೇಳಿಬರುವ ದನಿ ಅವನದು, ಆ ತರ್ಕವನ್ನೇ ತಲೆಕೆಳಗು ಮಾಡಿದನು. ಗೆದ್ದವರ ದೇವರುಗಳು ಬರಿಯ ಮರ, ಬರಿಯ ಲೋಹ, ಕ್ರಿ.ಪೂ. 539ರಲ್ಲಿ ಬ್ಯಾಬಿಲೋನನ್ನು ಗೆದ್ದ ಪರ್ಷಿಯದ ಸೈರಸ್ಸನೂ ಯೆಹೋವನ ಕೈಯ ಸಾಧನ! ಸೋತವರ ಬಾಯಲ್ಲಿ ಬಂದ ಈ ಮಾತಿನ ಎತ್ತರವನ್ನು, ಎಲ್ಲವೂ ಸೀನಾಯಿಯಲ್ಲೇ ಮುಗಿಯಿತೆನ್ನುವವರು ಮಣ್ಣುಪಾಲು ಮಾಡುತ್ತಾರೆ. ತಮ್ಮ ಮಹಿಮೆಯನ್ನು ಕಾಯುತ್ತೇವೆಂಬ ಭ್ರಮೆ ಬೇರೆ.

ಆಗಲಾದರೂ ಎಲ್ಲರೂ ಒಪ್ಪಿದರೆ? ಇಲ್ಲ. ನೈಲ್ ನದಿಯ ಎಲಿಫಾಂಟೈನ್ ದ್ವೀಪದ ಯಹೂದಿ ಸೈನಿಕರು ತಮ್ಮದೇ ಗುಡಿ ಕಟ್ಟಿಕೊಂಡಿದ್ದರು. ಅವರ ಕಾಣಿಕೆ ಪಟ್ಟಿಯಲ್ಲಿ ಅನಾತ್-ಬೇತೇಲ್ ಎಂಬ ದೇವಿಗೂ ಬೆಳ್ಳಿಯ ಪಾಲಿದೆ. ಕ್ರಿ.ಪೂ. 410ರಲ್ಲಿ ಆ ಗುಡಿ ನಾಶವಾದಾಗ ಅವರು ಯಾವ ಅಳುಕೂ ಇಲ್ಲದೆ ಜೆರುಸಲೇಮಿನ ಮಹಾಯಾಜಕನಿಗೇ ಪತ್ರ ಬರೆದರು. ಉತ್ತರ ಬರಲಿಲ್ಲ.