ಹಿತ್ತಲಿಗೆ ಏನು ಹಾಕೋಣ? ನೀರು ಹೊರುವವರನ್ನು ಕೇಳಿ



ಕಳೆದ ಸಂಚಿಕೆಯಲ್ಲಿ ಒಬ್ಬರು ಶಾಲೆಯ ಹಿಂದಿನ ಜಾಗದಲ್ಲೂ ಪ್ರತಿ ಮನೆಯ ಹಿತ್ತಲಲ್ಲೂ ಟೊಮೆಟೊ, ಎಲೆಕೋಸು, ಆಲೂಗೆಡ್ಡೆ ಬೆಳೆಯಬೇಕೆಂದು ಬರೆದಿದ್ದರು. ಕೈತೋಟ ಬೇಕು, ಅದಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ಆ ಮೂರು ತರಕಾರಿಗೆ ಇಲ್ಲ.

ಮೊದಲು ನೀರಿನ ಲೆಕ್ಕ ಮಾಡೋಣ. ಹಿತ್ತಲು 20 ಅಡಿ ಉದ್ದ, 10 ಅಡಿ ಅಗಲ ಎಂದಿಟ್ಟುಕೊಳ್ಳಿ. ಬೇಸಿಗೆಯಲ್ಲಿ ಅಷ್ಟಕ್ಕೂ ವಾರಕ್ಕೆ ಒಂದು ಅಂಗುಲದಷ್ಟು ನೀರು ಕೊಡಬೇಕಾದರೆ ಸುಮಾರು 470 ಲೀಟರ್ ಬೇಕು. ನಮ್ಮನೆ ಪ್ಲಾಸ್ಟಿಕ್ ಬಿಂದಿಗೆಯಲ್ಲಿ 15 ಲೀಟರ್ ಹಿಡಿಯುತ್ತದೆ. ಅಂದರೆ ವಾರಕ್ಕೆ 31ಕ್ಕೂ ಹೆಚ್ಚು ಬಿಂದಿಗೆ! ನಲ್ಲಿ ಬರುವುದೇ ಎರಡು ದಿನಕ್ಕೊಂದು ಸಲ. ಆ ಬಿಂದಿಗೆ ಹೊರುವವರು ಯಾರು? ಅಮ್ಮ, ಅಕ್ಕ, ನಾನು. ಟೊಮೆಟೊ ಹಾಕೋಣ ಅನ್ನುವವರು ಸಾಮಾನ್ಯವಾಗಿ ಜಗುಲಿ ಮೇಲೆ ಕೂತಿರುತ್ತಾರೆ. ನಮ್ಮಜ್ಜಿ ಆ ಲೇಖನ ಓದಿಸಿ ಕೇಳಿಸಿಕೊಂಡು, "ನೀರು ಹೊರೋಳು ನೀನಾ, ಬರ್ದೋನಾ? ಮೊದ್ಲು ಅದ್ನ ಕೇಳ್ಕಂಡ್ ಬಾ" ಅಂದರು.

ಬೇಲೂರಿನಿಂದ ಆಚೆ ನಮ್ಮ ಚಿಕ್ಕಮ್ಮನ ಊರಿನಲ್ಲಿ ಈ ಮಾತಿಲ್ಲ. ಅದು ಅರೆಮಲೆನಾಡು. ಸೀಮೆಬದನೆ ಬಳ್ಳಿ ಬೇಲಿ ಮೇಲೆ ತಾನಾಗಿ ಹಬ್ಬಿರುತ್ತದೆ. ಹಳೇಬೀಡು ದಾಟಿ ಜಾವಗಲ್, ಅರಸೀಕೆರೆ ಕಡೆಗೆ ಬಂದಹಾಗೆ ಮಳೆ ಕಡಿಮೆ, ತೆಂಗು ರಾಗಿ ಜಾಸ್ತಿ. ಒಂದೇ ಜಿಲ್ಲೆಯಾದರೂ ಹಿತ್ತಲು ಒಂದೇ ಅಲ್ಲ. ಹೊಯ್ಸಳರ ರಾಜಧಾನಿಯ ಹೆಸರು ದ್ವಾರಸಮುದ್ರ. ಕೆರೆಯಿಂದಲೇ ಊರಿಗೆ ಹೆಸರು ಬಂದ ಸೀಮೆ ಇದು. ಇನ್ನೊಂದು ತಮಾಷೆ ನೋಡಿ, ಬೇಲೂರಿನ ಚೆನ್ನಕೇಶವ ದೇವಸ್ಥಾನ ಕಟ್ಟಿಸಿದ ವಿಷ್ಣುವರ್ಧನನ ಅಡುಗೆಮನೆಯಲ್ಲಿ ಟೊಮೆಟೊ, ಆಲೂಗೆಡ್ಡೆ, ಹಸಿಮೆಣಸಿನಕಾಯಿ ಯಾವುದೂ ಇರಲಿಲ್ಲ. ಅವೆಲ್ಲ ಅಮೆರಿಕ ಖಂಡದಿಂದ ಪೋರ್ಚುಗೀಸರ ಕಾಲದಲ್ಲಿ ಬಂದವು. ಆದರೂ ಅವರು ಊಟ ಮಾಡುತ್ತಿದ್ದರು ತಾನೇ?

ಆಲೂಗೆಡ್ಡೆ ನಮ್ಮ ಹಾಸನ ಜಿಲ್ಲೆಯ ಹೆಸರುವಾಸಿ ಬೆಳೆ, ನಿಜ. ಆದರೆ ಬಿತ್ತನೆ ಗೆಡ್ಡೆ ದೂರದ ಪಂಜಾಬಿನಿಂದ ಬರಬೇಕು. ಮುಂಗಾರಿನಲ್ಲಿ ನಾಲ್ಕು ದಿನ ಜಿಟಿಜಿಟಿ ಮಳೆ, ಮೋಡ ಹಿಡಿದರೆ ಅಂಗಮಾರಿ ಬಂದು ಎಲೆ ಸುಟ್ಟಹಾಗೆ ಆಗುತ್ತದೆ. ಇದರಿಂದ ಸೋತು ಎಷ್ಟೋ ರೈತರು ಮುಸುಕಿನ ಜೋಳಕ್ಕೂ ಶುಂಠಿಗೂ ಹೋದರು. ಹೊಲದಲ್ಲೇ ಹೀಗಾದರೆ ಹಿತ್ತಲಲ್ಲಿ ಔಷಧಿ ಹೊಡೆಯುತ್ತಾ ಕೂರುವುದೇ? ಆಲೂಗೆಡ್ಡೆ, ಈರುಳ್ಳಿ ಸಂತೆಯಿಂದ ತಂದರೆ ಎರಡು ವಾರ ಕೆಡುವುದಿಲ್ಲ. ಸೊಪ್ಪು ಸಂಜೆಗೇ ಬಾಡುತ್ತದೆ. ಆದ್ದರಿಂದ ಬಾಡುವುದನ್ನು ಬೆಳೆಯೋಣ, ಇಟ್ಟರೆ ಉಳಿಯುವುದನ್ನು ಕೊಳ್ಳೋಣ ಎಂಬುದು ನನ್ನ ಅಭಿಪ್ರಾಯ. ಎಲೆಕೋಸಂತೂ ಒಂದು ಗಿಡಕ್ಕೆ ಒಂದೇ ಗೆಡ್ಡೆ, ಕೊಯ್ದರೆ ಮುಗೀತು. ಅದೇ ಜಾಗದಲ್ಲಿ ಒಂದು ಬದನೆ ಗಿಡ ಇದ್ದರೆ ತಿಂಗಳುಗಟ್ಟಲೆ ಕಾಯಿ ಬಿಡುತ್ತದೆ.

ಹಾಗಾದರೆ ಏನು ಹಾಕೋಣ? ದಂಟಿನ ಸೊಪ್ಪು ತಿಂಗಳೊಳಗೆ ಕೈಗೆ ಬರುತ್ತದೆ. ಬಚ್ಚಲ ನೀರು ಹರಿಯುವ ಕಡೆ ಬಾಳೆ, ಕೆಸು ಹಾಕಿದರೆ ಬೇರೆ ನೀರು ಬೇಡ. ಬೆಂಡೆಗೆ ಬಿಳಿ ನೊಣದಿಂದ ಹಳದಿ ನಂಜು ರೋಗ ಬರುತ್ತದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಅರ್ಕಾ ಅನಾಮಿಕ ತಳಿ ಅದನ್ನು ತಡೆದುಕೊಳ್ಳುತ್ತದೆ. ನುಗ್ಗೆ ಒಂದು ಮರ ಸಾಕು, ಸೊಪ್ಪಿನಲ್ಲಿ ಕಬ್ಬಿಣದ ಅಂಶವೂ ಎ ಜೀವಸತ್ವವೂ ಇವೆ. ಮನೆ ಹತ್ತಿರ ನುಗ್ಗೆ ಇದ್ದರೆ ದೆವ್ವ ಬರುತ್ತೆ ಅಂತಾರೆ. ಬರುವುದು ಕಂಬಳಿಹುಳು! ಅದಕ್ಕೇ ಬಾಗಿಲಿನಿಂದ ದೂರ ನೆಡಬೇಕು.

ಅವರೆಯ ವಿಷಯ ಸ್ವಲ್ಪ ಹೇಳಲೇಬೇಕು. ನಾಟಿ ಅವರೆ ಬೇಗ ಬಿತ್ತಿದರೆ ಬೇಗ ಕಾಯಿ ಬಿಡುವುದಿಲ್ಲ, ಬರೀ ಬಳ್ಳಿ ಬೆಳೆಯುತ್ತದೆ. ಹಗಲು ಚಿಕ್ಕದಾದ ಮೇಲೇ ಅದು ಹೂ ಬಿಡುವುದು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದವರು ಹೆಬ್ಬಾಳ ಅವರೆ ಎಂಬ ತಳಿ ಮಾಡಿದ್ದಾರೆ, ಅದಕ್ಕೆ ಹಗಲಿನ ಹಂಗಿಲ್ಲ, ಯಾವಾಗ ಬೇಕಾದರೂ ಬಿತ್ತಬಹುದು. ಆದರೂ ಚಳಿಗಾಲದ ನಾಟಿ ಅವರೆಯ ಸೊಗಡು ಅದಕ್ಕಿಲ್ಲ. ಇದು ನನ್ನ ನಾಲಿಗೆಯ ತೀರ್ಪು. ಬೇಲಿಗೆ ನಾಲ್ಕು ಬಳ್ಳಿ ಹಬ್ಬಿಸಿದರೂ ಹಿತಕಿದ ಬೇಳೆ ಸಾರು ಮೂರ್ನಾಲ್ಕು ಸಲ ಆಗುತ್ತದೆ.

ಶಾಲೆಯ ಜಾಗಕ್ಕೆ ನನ್ನ ಸಲಹೆ ಇಷ್ಟು. ಬಿಸಿಯೂಟದ ತಟ್ಟೆ ತೊಳೆದ ನೀರು ದಿನವೂ ಮೈದಾನಕ್ಕೆ ಹರಿದು ಕೆಸರಾಗುತ್ತಿದೆ. ಆ ನೀರಿಗೆ ಒಂದು ಸಣ್ಣ ಕಾಲುವೆ ತೆಗೆದು ಕರಿಬೇವು, ನುಗ್ಗೆ, ಬಾಳೆ ನೆಡೋಣ. ಉಳಿದ ಜಾಗದಲ್ಲಿ ಮಳೆಗಾಲದಲ್ಲಿ ಮಾತ್ರ ಹೀರೆ, ದಂಟು, ಅವರೆ. ಬೇಸಿಗೆಯಲ್ಲಿ ನೆಲ ಖಾಲಿ ಇರಲಿ, ನಷ್ಟವೇನಿಲ್ಲ. ನೀರು ಹಾಕುವ ಪಟ್ಟಿಯಲ್ಲಿ ಹೋದ ವರ್ಷ ಆರು ದಿನದಲ್ಲಿ ನಾಲ್ಕು ದಿನ ಹುಡುಗಿಯರ ಹೆಸರೇ ಇತ್ತು. ಈ ಸಲ ಮೂರು ಮೂರು ಆಗಬೇಕು. ಟೊಮೆಟೊ ಬೇಕೇ ಬೇಕು ಅನ್ನುವವರು ಅದರ ಬಿಂದಿಗೆಯನ್ನೂ ತಾವೇ ಹೊರಲಿ, ನಮ್ಮ ಅಡ್ಡಿಯಿಲ್ಲ.

ರೋಹಿಣಿ ಮಳೆ ಹೊತ್ತಿಗೆ ಶಾಲೆ ಶುರುವಾಗುತ್ತದೆ. ಹೀರೆ, ದಂಟು, ಅವರೆ ಬೀಜ ಬೂದಿ ಬೆರೆಸಿ ಅಜ್ಜಿ ಡಬ್ಬಿಯಲ್ಲಿ ಇಟ್ಟಿದ್ದಾರೆ. ಬೇಕಾದವರು ನನ್ನ ಹತ್ತಿರ ಹೆಸರು ಬರೆಸಿ. ಬೆಳೆದ ಮೇಲೆ ಒಂದು ಹಿಡಿ ಬೀಜ ವಾಪಸ್ ಕೊಡಬೇಕು, ಅದು ಅಜ್ಜಿಯ ಷರತ್ತು.

– 9ನೇ ತರಗತಿಯ ವಿದ್ಯಾರ್ಥಿನಿ