ನೆನಪುಗಳ ಕೌದಿ



ಮನೆಯ ಹಿರಿಯರು ತೀರಿಕೊಂಡ ಬಳಿಕ ಅವರ ಬಟ್ಟೆಗಳನ್ನೇನು ಮಾಡುವುದು? ಒಳ್ಳೆಯದನ್ನು ಬಡವರಿಗೆ ಕೊಡುತ್ತೇವೆ. ಹಳೆಯದು ನೆಲ ಒರೆಸಲು ಹೋಗುತ್ತದೆ. ಹತ್ತು ವರ್ಷ ಕಳೆದ ಮೇಲೆ ಮೊಮ್ಮಕ್ಕಳಿಗೆ ತೋರಿಸಲು ಅಜ್ಜಿಯ ಒಂದು ತುಂಡು ಬಟ್ಟೆಯೂ ಇರುವುದಿಲ್ಲ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರು ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಆಫ್ರಿಕಾ ಮೂಲದ ಈ ಸಮುದಾಯದಲ್ಲಿ ಮುಸ್ಲಿಮರು, ಹಿಂದೂಗಳು, ಕ್ರೈಸ್ತರು ಮೂವರೂ ಇದ್ದಾರೆ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಹಳೆಯ ಸೀರೆಯನ್ನು ಹಾಸಿ, ಸವೆದ ಬಟ್ಟೆಗಳ ತುಂಡುಗಳನ್ನು ಅದರ ಮೇಲಿಟ್ಟು, ಒಂದು ಮೂಲೆಯಿಂದ ಆರಂಭಿಸಿ ಅಂಚಿನ ಸುತ್ತಲೂ ಹೊಲಿಯುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗಳಲ್ಲಿ ಮಡಚಿದ ಬಟ್ಟೆಯ ಹೂವು, ಅಂದರೆ 'ಫುಲಾ', ಇಲ್ಲದಿದ್ದರೆ ಕೌದಿ ಬೆತ್ತಲೆ ಎನ್ನುತ್ತಾರೆ. ಕಸವೆನಿಸುವ ಚಿಂದಿಯಿಂದ ಹುಟ್ಟಿದ ಆ ಕೌದಿಗಳು ಇಂದು ಅಮೆರಿಕದಲ್ಲೂ ಪ್ರದರ್ಶನ ಕಂಡಿವೆ.

ನಾವು ಅದಕ್ಕೆ ಬಣ್ಣದ ಚಿತ್ರವನ್ನೂ ಸೇರಿಸಿಕೊಳ್ಳಬಹುದು. ನಮ್ಮ ವೇಣೂರಿನವರಿಗೆ ಬಾಲ್ಯದ ಚಿತ್ರಗಳಿಗೇನು ಬರ? ಫಲ್ಗುಣಿ ಹೊಳೆ, ಅಡಿಕೆ ತೋಟ, ಅಂಗಳದಲ್ಲಿ ಒಣಗುವ ಅಡಿಕೆ, ಬಾವಿಕಟ್ಟೆ, ಉಮ್ಮನ ಮಡಿಲಲ್ಲಿದ್ದ ಬೀಡಿ ಎಲೆಯ ಮೊರ. ಜೀವಿಗಳ ಚಿತ್ರ ಬಿಡಿಸಲು ಮನಸ್ಸೊಪ್ಪದವರಿಗೂ ಇಷ್ಟು ಸಾಕು. ಮೊರವನ್ನು ಕಂಡವರಿಗೆ ಉಮ್ಮನ ಮುಖ ತಾನಾಗಿಯೇ ನೆನಪಾಗುತ್ತದೆ.

ಮಗುವಿಗೆ ಹೊದಿಸಲು 3 ಅಡಿ ಅಗಲ, 4 ಅಡಿ ಉದ್ದ ಸಾಕು. ಹೊಲಿಗೆಗೆ ಅರ್ಧರ್ಧ ಇಂಚು ಬಿಟ್ಟು 13 ಇಂಚಿನ 12 ಚೌಕಗಳನ್ನು ಕತ್ತರಿಸಿ. ಚಿತ್ರಕ್ಕೆ ತಿಳಿ ಬಣ್ಣದ ಹತ್ತಿ ಬಟ್ಟೆಯೇ ಬೇಕು. ಗಂಜಿ ಹೋಗುವಂತೆ ಮೊದಲೇ ಒಗೆದು, ಇಸ್ತ್ರಿ ಮಾಡಿ. ಪೆನ್ಸಿಲಿನಿಂದ ತೆಳುವಾಗಿ ಗೆರೆ ಎಳೆದು, ಬಟ್ಟೆಗೆಂದೇ ಸಿಗುವ ಫ್ಯಾಬ್ರಿಕ್ ಬಣ್ಣವನ್ನು ತೆಳ್ಳಗೆ ಹಚ್ಚಿ. ದಪ್ಪವಾದರೆ ಬಟ್ಟೆ ಬಿರುಸಾಗಿ ಬಣ್ಣ ಬಿರುಕು ಬಿಡುತ್ತದೆ. ಒಂದು ದಿನ ನೆರಳಲ್ಲಿ ಒಣಗಿದ ಮೇಲೆ ಹಿಂಬದಿಯಿಂದ ಇಸ್ತ್ರಿ ಮಾಡಿ. ಮೂರು ದಿನ ಒಗೆಯಬೇಡಿ. ನಾಲ್ಕು ಚೌಕಗಳಿಗೆ ಚಿತ್ರ, ಉಳಿದವುಗಳಿಗೆ ಉಮ್ಮನ ಕುಪ್ಪಾಯ, ತಂದೆಯ ಲುಂಗಿಯ ಬಟ್ಟೆ ಬಳಸಿದರೆ ಚೆನ್ನ. ಎಲ್ಲವನ್ನೂ ಜೋಡಿಸಿ, ಕೆಳಗೆ ಹಳೆಯ ಹತ್ತಿ ಸೀರೆಯನ್ನು ಎರಡು ಮಡಿಕೆ ಮಾಡಿಟ್ಟು, ಮೂರು ಪದರಗಳನ್ನೂ ಸೇರಿಸಿ ಕೈಹೊಲಿಗೆ ಹಾಕಿ. ಬಣ್ಣದ ಮೇಲೆ ಸೂಜಿ ಸುಲಭವಾಗಿ ಇಳಿಯದು, ಆದ್ದರಿಂದ ಚಿತ್ರದ ಅಂಚಿನಲ್ಲಿ ಹೊಲಿಯಿರಿ.

ಕತ್ತರಿ ಹಿಡಿಯುವ ಮೊದಲು ಒಂದು ಮಾತು. ತೀರಿಕೊಂಡವರ ಬಟ್ಟೆಯೂ ಅವರು ಬಿಟ್ಟುಹೋದ ಸೊತ್ತೇ. ಅದರಲ್ಲಿ ಎಲ್ಲ ವಾರಸುದಾರರಿಗೂ ಹಕ್ಕಿದೆ. ಗಲ್ಫ್‌ನಲ್ಲಿರುವ ಅಣ್ಣನನ್ನೂ, ಮದುವೆಯಾಗಿ ಹೋದ ತಂಗಿಯನ್ನೂ ಕೇಳಿಯೇ ಕತ್ತರಿಸಬೇಕು. ವಾರಸುದಾರರಲ್ಲಿ ಚಿಕ್ಕ ಮಕ್ಕಳಿದ್ದರೆ ಅವರ ಪಾಲನ್ನು ಬೇರೆಯವರು ಬಿಟ್ಟುಕೊಡುವಂತಿಲ್ಲ. ಹಳೆಯ ಬಟ್ಟೆಗೇಕೆ ಇಷ್ಟೆಲ್ಲ ಎನ್ನಬೇಡಿ. ಬೆಲೆಯಿಲ್ಲದ ಒಂದು ಸೀರೆಗಾಗಿ ಒಡಹುಟ್ಟಿದವರು ಮಾತು ಬಿಟ್ಟದ್ದೂ ಉಂಟು. ಒಂದು ಫೋನ್ ಮಾಡಿದರೆ ಅದೇ ಸೀರೆ ಅವರನ್ನು ಹತ್ತಿರ ತರಬಹುದು. ಸಾಧ್ಯವಾದರೆ ಒಬ್ಬೊಬ್ಬರಿಗೆ ಒಂದೊಂದು ಚೌಕ ಹಂಚಿ, ಅವರವರ ನೆನಪನ್ನು ಅವರೇ ಬಿಡಿಸಲಿ.

ಹಿರಿಯರು ಬದುಕಿರುವ ಮನೆಗಳಲ್ಲಿ ಈ ಕೆಲಸ ಇನ್ನೂ ಸುಲಭ. ರಜೆಯಲ್ಲಿ ಮಕ್ಕಳನ್ನು ಅಜ್ಜಿಯ ಬಳಿ ಕೂರಿಸಿ, ಅವರು ಹೇಳಿದ್ದನ್ನು ಕಾಗದದಲ್ಲಿ ಬಿಡಿಸಲು ಹೇಳಿ. ಕುಪ್ಪಾಯವನ್ನು ಅವರ ಕೈಯಿಂದಲೇ ಕೇಳಿ ಪಡೆಯಿರಿ. ಮುಗಿದ ಮೇಲೆ ಕೌದಿಯ ಹಿಂಬದಿಯ ಮೂಲೆಯಲ್ಲಿ ಹೊಲಿದವರ ಹೆಸರು, ಊರು, ವರ್ಷವನ್ನು ನೂಲಿನಲ್ಲಿ ಬರೆಯಿರಿ. ಕಪಾಟಿನಲ್ಲಿಟ್ಟು ಬೀಗ ಹಾಕಬೇಡಿ, ಮಕ್ಕಳಿಗೆ ಹೊದಿಸಿರಿ.