ಯಾರ ಪೈಕಿ ನೀವು?

ಬೆಂಗಳೂರಿನ ಹಳೆಯ ದೊಡ್ಡ ಕ್ಲಬ್ಬುಗಳಿಗೆ ಸೇರಲು ಬರೇ ದುಡ್ಡಿದ್ದರೆ ಸಾಲದು. ಸದಸ್ಯರೊಬ್ಬರು ಹೆಸರು ಸೂಚಿಸಬೇಕು, ಮತ್ತೊಬ್ಬರು ಅನುಮೋದಿಸಬೇಕು, ಆಮೇಲೆ ವರ್ಷಗಟ್ಟಲೆ ಕಾಯಬೇಕು. ಇಂಗ್ಲಿಷರ ಕಾಲದ ಕ್ಲಬ್ಬುಗಳಲ್ಲಿ ಪೆಟ್ಟಿಗೆಯೊಳಗೆ ಬಿಳಿ ಇಲ್ಲವೇ ಕರಿ ಗುಂಡು ಹಾಕುವ ಪದ್ಧತಿಯಿತ್ತು. ಒಂದೆರಡು ಕರಿ ಗುಂಡು ಬಿದ್ದರೆ ಮುಗಿಯಿತು, ಕಾರಣ ಕೇಳುವಂತಿಲ್ಲ! ಆ ಬಾಗಿಲು ನಮ್ಮವರಿಗೆ ತೆರೆಯದಿದ್ದಾಗ ವಿಶ್ವೇಶ್ವರಯ್ಯನವರು 1917ರಲ್ಲಿ ಸೆಂಚುರಿ ಕ್ಲಬ್ ಕಟ್ಟಿದರು. ಅದೂ ಕಡೆಗೆ ದೊಡ್ಡವರ ಕ್ಲಬ್ಬೇ ಆಯಿತು ಅನ್ನಿ.

ಅಷ್ಟು ದೂರ ಯಾಕೆ, ನಮ್ಮ ಕೊಲ್ಹಾಪುರವನ್ನೇ ನೋಡಿ. ಈ ಸೀಮೆಯಲ್ಲಿ ಶಾಹೂ ಮಹಾರಾಜರಿಗಿಂತ ದೊಡ್ಡವರು ಯಾರಿದ್ದರು? 1899ರಲ್ಲಿ ಪಂಚಗಂಗೆಯ ಸ್ನಾನದ ವೇಳೆ ಪುರೋಹಿತರು ಅವರಿಗೆ ವೇದೋಕ್ತ ಮಂತ್ರ ಹೇಳಲಿಲ್ಲ, ಪುರಾಣೋಕ್ತ ಸಾಕು ಅಂದರು. ಸಿಂಹಾಸನದ ಮೇಲೆ ಕೂತವರಿಗೂ ನೀವು ಯಾರ ಪೈಕಿ ಎಂಬ ಪ್ರಶ್ನೆ ತಪ್ಪಲಿಲ್ಲ. ಮಹಾರಾಜರು ಸುಮ್ಮನಿರಲಿಲ್ಲ. 1902ರಲ್ಲಿ ಹಿಂದುಳಿದವರಿಗೆ ಸಂಸ್ಥಾನದ ನೌಕರಿಗಳಲ್ಲಿ ಶೇಕಡಾ 50 ಮೀಸಲಿಟ್ಟರು, ಬೇರೆ ಬೇರೆ ಸಮಾಜದ ಮಕ್ಕಳಿಗೆ ವಸತಿಗೃಹ ತೆರೆಸಿದರು. ದಲಿತರಾದ ಗಂಗಾರಾಮ ಕಾಂಬಳೆಯವರಿಗೆ ಚಹಾದಂಗಡಿ ಹಾಕಿಸಿ, ಎಲ್ಲರೆದುರು ಅಲ್ಲಿ ತಾವೇ ಚಹಾ ಕುಡಿದರು. ನಮಗೆ ಮೀಸಲಾತಿಯ ಆಜ್ಞೆಯಷ್ಟೇ ದೊಡ್ಡದಾಗಿ ಕಾಣುವುದು ಆ ಒಂದು ಕಪ್ಪು ಚಹಾ. ಅರಸರೇ ಕುಡಿದ ಅಂಗಡಿಗೆ ಬರುವುದಿಲ್ಲ ಎನ್ನಲು ಸರದಾರರಿಗೆ ಬಾಯಿ ಎಲ್ಲಿ?

ಈಗ ಪರೀಕ್ಷೆ ಬಟ್ಟೆ ಮತ್ತು ಭಾಷೆಯಲ್ಲಿ ನಡೆಯುತ್ತದೆ. 2024ರ ಜುಲೈದಲ್ಲಿ ಬೆಂಗಳೂರಿನ ಮಾಲ್ ಒಂದರಲ್ಲಿ ಧೋತರ ಉಟ್ಟ ಹಾವೇರಿ ಕಡೆಯ ರೈತರೊಬ್ಬರನ್ನು ಬಾಗಿಲಲ್ಲೇ ತಡೆದರು. ಜೊತೆಗಿದ್ದ ಮಗ ಸಿನಿಮಾದ ಟಿಕೆಟ್ ತೋರಿಸಿದರೂ ಬಿಡಲಿಲ್ಲ. ನಮ್ಮ ಮಕ್ಕಳ ಅಜ್ಜಂದಿರು ಉಡುವುದೂ ಅದೇ ಧೋತರ. ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಪುಣೆಯಲ್ಲಿ ಎದುರಾಗುವ ಮೊದಲ ಪ್ರಶ್ನೆ 'ಯಾವ ಮೀಡಿಯಮ್ಮು?' ಕನ್ನಡ ಎಂದ ಕೂಡಲೇ ಮಾತು ಬೇರೆ ಕಡೆ ಹೊರಳುತ್ತದೆ. ಗಡಹಿಂಗ್ಲಜದ ಪಾಲಕರು ಮಗುವನ್ನು ಬೇರೆ ಶಾಲೆಗೆ ಹಾಕುವುದು ನೌಕರಿಗಾಗಿ ಎನ್ನುತ್ತಾರೆ. ಅರ್ಧ ಕಾರಣ ಈ ಪ್ರಶ್ನೆಯ ಅಂಜಿಕೆ ಎಂದು ನಮಗನಿಸುತ್ತದೆ.

ಹಾಗಂತ ನಾವೇನು ಸಾಚಾ? ನಮ್ಮ ಸ್ನೇಹಸಮ್ಮೇಳನದಲ್ಲಿ ಮುಂದಿನ ಸಾಲಿನ ಕುರ್ಚಿಗಳಿಗೆ ಸಕ್ಕರೆ ಕಾರಖಾನೆಯ ಸಂಚಾಲಕರ ಹೆಸರಿನ ಚೀಟಿ ಅಂಟಿಸುವವರು ನಾವೇ. ಕಬ್ಬಿನ ಹೊಲದಿಂದ ನೇರ ಬಂದ ತಾಯಂದಿರು ಗೋಡೆಗೆ ಒರಗಿ ನಿಂತು ಮಕ್ಕಳ ಕುಣಿತ ನೋಡುತ್ತಾರೆ. ಈ ವರ್ಷ ಚೀಟಿ ಬೇಡ, ಮೊದಲು ಬಂದವರು ಮುಂದೆ ಕೂಡಲಿ ಎಂದು ಸ್ಟಾಫ್ ಮೀಟಿಂಗಿನಲ್ಲಿ ಹೇಳಿದ್ದೇವೆ. ಮುಖ್ಯಾಧ್ಯಾಪಕರು ನೋಡೋಣ ಅಂದಿದ್ದಾರೆ.